ದೊಡ್ಡಮ್ಮ ಕಾಲು ಕೊಟ್ಟ ಭಾನುವಾರ

ದೊಡ್ಡಮ್ಮಾ,

ನಿನಗೆ ಕೊಟ್ಟ ಮಾತನ್ನು ಮೊನ್ನೆ ಮುರಿದುಬಿಟ್ಟೆ. ಬೈಯುವುದಿದ್ದರೆ ಮೊದಲು ಬೈದು ಮುಗಿಸು, ಆಮೇಲೆ ಮುಂದಕ್ಕೆ ಓದು. ಕನ್ನಡಕ ಇಲ್ಲದೆ ಹೆಂಗೆ ಓದಲಿ ಅನ್ನಬೇಡ. ಅದು ತುಮಕೂರಿನ ನನ್ನ ಕೋಣೆಯ ಬೀರುವಿನಲ್ಲಿದೆ, ಕಡ್ಡಿಗೆ ನೀನು ಸುತ್ತಿದ್ದ ಕೆಂಪು ದಾರ ಹಾಗೇ ಇದೆ. ನೀನು ಹೋಗಿ ಒಂದು ವರ್ಷವಾಗುತ್ತಾ ಬಂತು. ಬರೆಯಬೇಕು ಅಂತ ಎಷ್ಟು ಸಲ ಕೂತಿದ್ದೇನೋ, ಎದ್ದು ಹೋಗಿದ್ದೇನೋ. ಓದುವವಳೇ ಇಲ್ಲದ ಮೇಲೆ ಯಾರಿಗೆ ಬರೆಯುವುದು... ಆದರೆ ಮೊನ್ನೆ ಆದದ್ದನ್ನು ನಿನಗಲ್ಲದೆ ಬೇರೆ ಯಾರಿಗೆ ಹೇಳಲಿ?

ನನಗೆ ಈ ಕೆಲಸ ಸಿಕ್ಕ ದಿನ ನೀನು ಶಾಲೆಯ ಬಿಸಿಯೂಟದ ಪಾಯಸಕ್ಕೆ ಒಂದು ಅಚ್ಚು ಬೆಲ್ಲ ಜಾಸ್ತಿ ಹಾಕಿದ್ದೆ. ಹೆಡ್‌ಮಾಸ್ಟರು ಕೇಳಿದ್ದಕ್ಕೆ, "ನಮ್ಮ ಗಿರಿಜಂಗೆ ಕೆಲ್ಸ ಸಿಕ್ತು ಸಾ, ಮಕ್ಳು ಬಾಯಿ ಸಿಹಿ ಮಾಡ್ಕಳ್ಲಿ" ಅಂದೆಯಂತೆ. ಅಮ್ಮ ತೀರಿಕೊಂಡಾಗ ಆರು ವರ್ಷದ ನನ್ನನ್ನು ಗುಬ್ಬಿ ಹತ್ತಿರದ ನಿನ್ನೂರಿಗೆ ಕರೆತಂದು, ಆ ಶಾಲೆಯ ಅಡುಗೆ ಮಾಡಿಕೊಂಡೇ ನನ್ನನ್ನು ಎಂ.ಎಸ್.ಡಬ್ಲ್ಯೂ ತನಕ ಓದಿಸಿದವಳು ನೀನು. ಕೆಲಸ ಏನು ಅಂತ ನಾನು ನಿನಗೆ ಬಿಡಿಸಿ ಹೇಳಿದೆ. ಹೊರದೇಶದ ಡಾಕ್ಟರುಗಳು ಒಂದು ಸೇವಾಸಂಸ್ಥೆಯ ಮೂಲಕ ಹತ್ತು ದಿನಕ್ಕೆ ಅಂತ ಬರುತ್ತಾರೆ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಉಚಿತ ಶಿಬಿರ ಮಾಡುತ್ತಾರೆ. ಅವರು ಕೇಳಿದ್ದನ್ನು ನಮ್ಮವರಿಗೆ ಕನ್ನಡದಲ್ಲಿ, ನಮ್ಮವರು ಹೇಳಿದ್ದನ್ನು ಅವರಿಗೆ ಇಂಗ್ಲಿಷಿನಲ್ಲಿ ದಾಟಿಸುವುದು ನನ್ನ ಪಾಲಿಗೆ. ನೀನು ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು, "ಅಷ್ಟು ದೂರದಿಂದ ನಮ್ಮೋರ ಕಾಯಿಲೆ ನೋಡಕ್ಕೆ ಬರ್ತಾರಾ? ಅವರ ಹೊಟ್ಟೆ ತಣ್ಣಗಿರ್ಲಿ" ಅಂದೆ. ಮಾರನೇ ವರ್ಷ ನಮ್ಮ ಸಂಸ್ಥೆಯದೇ ಒಂದು ಕಣ್ಣಿನ ಶಿಬಿರದಲ್ಲಿ ನಿನಗೆ ಆ ಕನ್ನಡಕ ಸಿಕ್ಕಿತು. ಅದನ್ನು ಹಾಕಿಕೊಂಡು ನೀನು ಅಕ್ಕಿಯಲ್ಲಿನ ಕಲ್ಲು ಆರಿಸುತ್ತಾ ಕೊಚ್ಚಿಕೊಂಡ ಜಂಬವನ್ನು ನಾನು ಮರೆತಿಲ್ಲ. ಇದನ್ನೂ ಬರೆಯದಿದ್ದರೆ ತಪ್ಪಾಗುತ್ತದೆ.

ಬರುವವರಲ್ಲಿ ಹೆಚ್ಚಿನವರು ಇನ್ನೂ ಡಾಕ್ಟರ್ ಓದುತ್ತಿರುವವರು ಅಂತ ಸೇರಿದ ಮೇಲೆ ತಿಳಿಯಿತು. ಹೊಸತರಲ್ಲೇ ಸಂಸ್ಥೆ ನಡೆಸುವ ಸರ್ ನನ್ನನ್ನು ಪಕ್ಕಕ್ಕೆ ಕರೆದು, "ನೋಡಮ್ಮಾ, ಸ್ಟೂಡೆಂಟ್ಸ್ ಅಂದ್ರೆ ಜನ ಹಿಂದೆ ಸರೀತಾರೆ. ಮೈಕಲ್ಲಿ ಎಲ್ಲಾರ್ನೂ ಡಾಕ್ಟ್ರು ಅಂತಾನೇ ಹೇಳು" ಅಂದಿದ್ದರು. ಹಾಗೇ ಹೇಳುತ್ತಾ ಬಂದೆ. ಇನ್ನೊಂದು ವಿದ್ಯೆ ನಾನೇ ಕಲಿತೆ, ಚಿಕ್ಕದು ಮಾಡುವುದು. ಅಜ್ಜಿಯೊಬ್ಬಳು ಮೊಣಕಾಲು ನೋವನ್ನು ಹೇಳಲು ಸೊಸೆಯ ಸೀಮಂತದಿಂದ ಶುರು ಮಾಡುತ್ತಾಳೆ. ನಾನು ಎಲ್ಲವನ್ನೂ ಕೇಳಿ, ಮೊಣಕಾಲು ನೋವು, ಎರಡು ವರ್ಷದಿಂದ, ಅಂತ ಮುಗಿಸುತ್ತಿದ್ದೆ. ಸಾಲು ಬೇಗ ಸರಿಯುತ್ತಿತ್ತು. ಗಿರಿಜ ಬಹಳ ಫಾಸ್ಟು ಅಂತ ಸರ್ ಹೊಗಳುತ್ತಿದ್ದರು, ನಾನೂ ಉಬ್ಬುತ್ತಿದ್ದೆ.

ಆ ಭಾನುವಾರ ಬೆಳಿಗ್ಗೆ ನಿನಗೆ ಫೋನ್ ಮಾಡಿದವಳು ನಾನು. ಇದನ್ನು ಎಲ್ಲಿ ಬೇಕಾದರೂ ಬರೆದುಕೊಡುತ್ತೇನೆ. ಸಂಕ್ರಾಂತಿ ಆಗಷ್ಟೇ ಮುಗಿದಿತ್ತು. ನಿನ್ನ ಪಕ್ಕದ ಊರಿನ ಸಮುದಾಯ ಭವನದಲ್ಲಿ ಮೇಜುಗಳನ್ನು ಹಾಕಿ, ಬ್ಯಾನರ್ ಕಟ್ಟಿ ಕಾದರೆ ಒಂದು ನರಪಿಳ್ಳೆಯೂ ಇಲ್ಲ. ಯಾರದೋ ಮದುವೆಯಂತೆ, ಊರಿಗೆ ಊರೇ ಎರಡು ಬಸ್ಸಿನಲ್ಲಿ ಕುಣಿಗಲ್ಲಿನ ಛತ್ರಕ್ಕೆ ಹೋಗಿತ್ತು. ಉಳಿದವರು ವಸಂತನರಸಾಪುರದ ಫ್ಯಾಕ್ಟರಿಗಳಿಗೆ ಶಿಫ್ಟಿಗೆ ಹೋಗಿದ್ದರು. ಬಂದಿದ್ದ ಹನ್ನೆರಡು ಜನ ಬಿಳಿ ಕೋಟು ತೊಟ್ಟು ಕುರ್ಚಿಗಳಲ್ಲಿ ಪೆಚ್ಚಾಗಿ ಕೂತಿದ್ದರು. ಸರ್ ಮುಖ ಗಂಟಿಕ್ಕಿಕೊಂಡು ಓಡಾಡುತ್ತಿದ್ದರು.

"ದೊಡ್ಡಮ್ಮಾ, ಒಂದತ್ತು ಜನಾನ ಕರ್ಕೊಂಡು ಬಾ. ಅಷ್ಟು ದೂರದಿಂದ ಬಂದೋರು ಸುಮ್ನೆ ಕೂತವ್ರೆ" ಅಂದೆ.

"ಏನ್ ಕಾಯಿಲೆ ಇರೋರ್ನ ಕರ್ಕೊಂಡು ಬರ್ಲೇ?"

"ಏನಾದ್ರೂ ಇರ್ಲಿ. ಬೇಗ ಬಾ."

ಏನಾದರೂ ಇರಲಿ! ಕಾಯಿಲೆಯವರಿಗಾಗಿ ಡಾಕ್ಟರನ್ನು ಹುಡುಕುವುದನ್ನು ಲೋಕವೆಲ್ಲ ನೋಡಿದೆ. ಡಾಕ್ಟರಿಗಾಗಿ ಕಾಯಿಲೆಯವರನ್ನು ಹುಡುಕಿದವಳು ನಾನೊಬ್ಬಳೇ ಇರಬೇಕು. ನೀನಾದರೂ ಆಗಲ್ಲ ಹೋಗೇ ಅನ್ನಬಾರದಿತ್ತೇ? ಮನೆಗೆ ಬಂದವರನ್ನು ಬಾಯಿಗೇನೂ ಕೊಡದೆ ಕೂರಿಸಿದ ಜಾಯಮಾನ ನಿನ್ನದಲ್ಲ. ಹೆಂಗಸರನ್ನು ಒಬ್ಬೊಬ್ಬರನ್ನೇ ಹಿತ್ತಿಲಿನಿಂದ, ಬಚ್ಚಲಿನಿಂದ ಎಬ್ಬಿಸಿಕೊಂಡು ಹೊರಟೆ. ನಿನ್ನ ಜೊತೆ ಅಡುಗೆ ಮಾಡುವ ಸುನಂದಕ್ಕ ಆಮೇಲೆ ಹೇಳಿದಳು. ಅವಳಿಗೆ ಯಾವ ತಲೆನೋವೂ ಇರಲಿಲ್ಲವಂತೆ. "ನೀನು ತಲೆನೋವು ಅನ್ನು, ನೀನು ಸೊಂಟ ಅನ್ನು, ಇಬ್ರೂ ಒಂದೇ ಹೇಳ್ಬ್ಯಾಡ್ರೇ" ಅಂತ ದಾರಿಯಲ್ಲಿ ಊಟ ಬಡಿಸುವ ಹಾಗೆ ಕಾಯಿಲೆ ಹಂಚಿಕೊಂಡು ಬಂದೆಯಂತೆ.

ಒಳಗೆ ಬಂದವಳೇ ನೀನು ಸಾಲಾಗಿ ಎಲ್ಲ ಮೇಜುಗಳನ್ನೂ ನೋಡಿದೆ. ಎಲ್ಲರ ಮುಂದೆಯೂ ಒಬ್ಬರೋ ಇಬ್ಬರೋ ಕೂತರು. ಕಿಟಕಿ ಪಕ್ಕದ ಒಂದು ಮೇಜು ಮಾತ್ರ ಖಾಲಿ ಉಳಿಯಿತು. ಅಲ್ಲಿದ್ದವಳು ಹ್ಯಾನಾ, ಕೆನಡಾದ ಹುಡುಗಿ. ಇಪ್ಪತ್ತು ವರ್ಷ ಇದ್ದಿರಬಹುದು, ಬಿಸಿಲಿಗೆ ಮೂಗಿನ ತುದಿ ಸುಲಿದಿತ್ತು. ಎರಡನೇ ವರ್ಷದ ಓದು. ಅದು ನನಗೆ ಗೊತ್ತಿತ್ತು. "ಆ ಮಗ ಒಂದೇ ಕೈಕಟ್ಕೊಂಡು ಕೂತೈತಲ್ಲೇ" ಅಂದವಳೇ ನೀನು ಹೋಗಿ ಕೂತು ಬಲಗಾಲು ಚಾಚಿದೆ. ಅಂಗಾಲಿನಲ್ಲಿ ಹೆಬ್ಬೆರಳ ಬುಡಕ್ಕೆ ಒಂದು ಆಣಿ ಇತ್ತಲ್ಲ, ಗಟ್ಟಿಗೆ ಕಾಯಿಕಟ್ಟಿದ್ದು. ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಅದನ್ನು ನೋಡಿದ್ದೆ. ಅದರಿಂದ ನಿನಗೆ ಯಾವ ತೊಂದರೆಯೂ ಇರಲಿಲ್ಲ. ಬಂದವರಿಗೆ ಚಾಪೆ ಹಾಸುವ ಹಾಗೆ ನೀನು ಕಾಲು ಕೊಟ್ಟೆ.

ಅವಳು ಫಾರಂ ತೆಗೆದು ಮೊದಲು ಕೇಳಿದ್ದು, ಬೇರೆ ಕಾಯಿಲೆ ಏನಾದರೂ ಇದೆಯಾ ಅಂತ. ನಾನು ಕೇಳಿದೆ. "ಏನಿಲ್ಲ ತಾಯೀ, ಗುಂಡುಕಲ್ಲಂಗಿದೀನಿ" ಅಂತ ನೀನು ನೇರವಾಗಿ ಅವಳಿಗೇ ಹೇಳಿ ನಕ್ಕೆ. ಉಪ್ಪಿನ ಜಾಡಿಯ ಹಿಂದೆ ಒಂದು ಡಬ್ಬಿ, ಅದರೊಳಗೆ ನಿನ್ನ ಸಕ್ಕರೆ ಕಾಯಿಲೆಯ ಮಾತ್ರೆ. ಅದು ನನ್ನ ಕಣ್ಣ ಮುಂದೆ ಬಂತು, ದೊಡ್ಡಮ್ಮಾ. ಬಾಯಿ ತೆರೆದೆ ಕೂಡ. ಮೇಜಿನ ಕೆಳಗೆ ನೀನು ನನ್ನ ಮಣಿಕಟ್ಟನ್ನು ಚಿವುಟಿದೆ. ಸಕ್ಕರೆ ಅಂದಿದ್ದರೆ ನಿನ್ನನ್ನು ಆ ತುದಿಯ ಮೇಜಿಗೆ ಕಳಿಸುತ್ತಿದ್ದರು. ಅವರೊಡನೆ ಬಂದಿದ್ದ ನಿಜವಾದ ಡಾಕ್ಟರು ಒಬ್ಬರೇ, ಅವರು ಕೂತಿದ್ದು ಅಲ್ಲಿ. ಈ ಹುಡುಗಿಯ ಮುಂದೆ ಮತ್ತೆ ಕುರ್ಚಿ ಖಾಲಿಯಾಗುತ್ತಿತ್ತು. ನಾನು ಇಂಗ್ಲಿಷಿನಲ್ಲಿ, ಏನೂ ಇಲ್ಲ, ಅಂದೆ.

ಬ್ಲೇಡು ಹಿಡಿದಾಗ ಅವಳ ಕೈ ನಡುಗುತ್ತಿತ್ತು. ಆಣಿಯನ್ನು ಪದರ ಪದರವಾಗಿ ಕೆರೆಯುತ್ತಾ, ನೋವಾಗುತ್ತಿದೆಯಾ ಕೇಳಿ, ಅಂದಳು. ಕೇಳಿದೆ. "ಇಲ್ಲ ಅನ್ನು" ಅಂದೆ ನೀನು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದಳು. ಇಲ್ಲ. ಮೂರನೇ ಸಲವೂ ಇಲ್ಲ. ನಾಲ್ಕನೇ ಸಲ ಅವಳು ಕೇಳಿದಾಗ ನಾನು ನಿನ್ನ ಕಡೆ ತಿರುಗಲೂ ಇಲ್ಲ, ನಾನೇ ಇಲ್ಲ ಅಂದೆ. ಹೊರಗೆ ಇವರನ್ನು ಊರು ಸುತ್ತಿಸಬೇಕಿದ್ದ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ. ಆ ನಾಲ್ಕನೆಯದಕ್ಕೇ ರಕ್ತ ಬಂದಿದ್ದು. ಅವಳು ಹೆದರಿ ಹತ್ತಿ ಒತ್ತಿದಳು, ನೀನು ಅವಳ ಗಲ್ಲ ಸವರಿ "ಏನಾಗಲ್ಲ ಬುಡು ಮಗಳೇ" ಅಂದೆ. ಅದನ್ನು ಮಾತ್ರ ನಾನು ಅನುವಾದ ಮಾಡಬೇಕಾಗಲಿಲ್ಲ.

ಸೆರಗಿನ ಗಂಟಿನಿಂದ ನೀನು ತಂಬಿಟ್ಟು ತೆಗೆದು ಅವಳ ಕೈಗಿಟ್ಟಾಗ ಯಾರೋ ಫೋಟೋ ತೆಗೆದರು. ಐದು ದಿನ ಬಿಟ್ಟು ಗಾಯ ತೋರಿಸಲಿ, ಅಂದಳು ಹ್ಯಾನಾ. ಹಾಗೇ ನಿನಗೆ ಹೇಳಿದೆ. ಯಾರಿಗೆ ತೋರಿಸುವುದು? ನಾನೂ ಕೇಳಲಿಲ್ಲ, ನೀನೂ ಕೇಳಲಿಲ್ಲ. ಆ ಮಧ್ಯಾಹ್ನ ಅವರನ್ನು ಕುಣಿಗಲ್ ಕೆರೆ ತೋರಿಸಿ ಮಾರ್ಕೋನಹಳ್ಳಿ ಡ್ಯಾಮಿಗೆ ಕರೆದೊಯ್ದೆವು. ಐದನೇ ದಿನಕ್ಕೆ ಅವರು ವಿಮಾನದಲ್ಲಿದ್ದರು.

ಆಮೇಲೆ ನಾನು ಫೋನಿನಲ್ಲಿ ಕೇಳಿದಾಗಲೆಲ್ಲ ನೀನು "ಆರ್ತಾ ಐತೆ" ಅನ್ನುತ್ತಿದ್ದೆ. ದಿನಾ ಬೆಳಗಿನಿಂದ ಒಲೆ ಮುಂದೆ ನಿಂತು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಓಡಾಡಿಕೊಂಡು ಯಾವುದು ಆರುತ್ತೆ? ಮೂರು ವಾರಕ್ಕೆ ಸುನಂದಕ್ಕನ ಫೋನ್ ಬಂತು, "ಗಿರಿಜಾ, ನಿಮ್ಮ ದೊಡ್ಡಮ್ಮನ ಕಾಲು ವಾಸ್ನೆ ಬರ್ತೈತೆ ಕಣೇ, ಯಾರ್ಗೂ ಹೇಳ್ಬ್ಯಾಡ ಅಂತಾಳೆ". ಗುಬ್ಬಿಯಲ್ಲಿ ನೋಡಿ ತುಮಕೂರಿಗೆ ಕಳಿಸಿದರು. ಅಲ್ಲಿನ ಸರ್ಜನ್ ಬ್ಯಾಂಡೇಜು ಬಿಚ್ಚಿ ಮುಖ ಸಿಂಡರಿಸಿದರು. "ಸಕ್ಕರೆ ಕಾಯಿಲೆಯೋರ ಪಾದಕ್ಕೆ ಎಷ್ಟೋ ಸಲ ಸ್ಪರ್ಶಾನೇ ಹೋಗಿರುತ್ತೆ ಕಣಮ್ಮಾ. ಬ್ಲೇಡ್ ತಾಗ್ದಾಗ್ಲೂ ನೋವಿಲ್ಲ ಅಂದ್ರೆ ಅಲ್ಲಿಗೇ ಕೈ ನಿಲ್ಲಿಸ್ಬೇಕು. ಯಾರು ಮಾಡಿದ್ದು ಇದನ್ನ?" ಅಂದರು. ನಾನು ಏನು ಹೇಳಿದೆ ಗೊತ್ತಾ? ಡಾಕ್ಟ್ರು, ಅಂದೆ.

ಅಂದರೆ ನೀನು ಮರ್ಯಾದೆಗೆ ಇಲ್ಲ ಅಂದದ್ದು ನಿಜವೇ ಆಗಿತ್ತು. ನಿನಗೆ ನೋಯಲೇ ಇಲ್ಲ. ಆ ಇಲ್ಲ ಅನ್ನುವುದರಲ್ಲೇ ಎಲ್ಲ ಅಪಾಯವೂ ಇತ್ತು. ಅದನ್ನು ಕೇಳಿ ಎಚ್ಚರಾಗುವಷ್ಟು ಹ್ಯಾನಾ ಇನ್ನೂ ಓದಿರಲಿಲ್ಲ. ಅವಳ ತಪ್ಪೇನು? ನಾಲ್ಕು ಸಲ ಕೇಳಿದಳಲ್ಲ. ಹಾಗಂತ ಅವಳದೇನೂ ತಪ್ಪಿಲ್ಲ ಅನ್ನಲೂ ನನಗೆ ಆಗುವುದಿಲ್ಲ.

ಆಪರೇಷನ್ ಮಾಡಿ ಮೊಣಕಾಲಿನ ತನಕ ಕಾಲು ತೆಗೆದ ಮಾರನೇ ದಿನ ನೀನು ಸಣ್ಣ ದನಿಯಲ್ಲಿ ಹತ್ತಿರ ಕರೆದೆ. ನೀರು ಬೇಕೇನೋ ಅಂತ ನಾನು ಬಗ್ಗಿದೆ.

"ಆ ಹುಡುಗಿಗೆ ಹೇಳ್ಬ್ಯಾಡ ಕಣೇ."

"ಯಾವ ಹುಡುಗಿಗೆ?"

"ತಂಬಿಟ್ಟು ತಿಂದ ಹುಡುಗೀಗೆ. ಇನ್ನೂ ಓದೋ ಮಗ. ಗೊತ್ತಾದ್ರೆ ಎದೆ ಒಡ್ಕಂಡ್ಬುಡ್ತಾಳೆ."

"ಓದೋಳು ಅಂತ ನಿಂಗೆ ಯಾರು ಹೇಳಿದ್ರು?"

"ಯಾರು ಯಾಕೆ ಹೇಳ್ಬೇಕು? ಡಾಕ್ಟ್ರ ಕೈ ಹಂಗೆ ನಡುಗುತ್ತಾ? ನೀನು ಮೊದ್ಲು ಈಳಿಗೆ ಮಣೆ ಮುಂದೆ ಕೂತಾಗ ಹಿಂಗೇ ನಡುಗ್ತಿದ್ದೆ. ಯಾರ ಮೇಲಾದ್ರೂ ಕಲೀಬೇಕಲ್ಲ, ಕಲೀಲಿ ಅಂದ್ಕಂಡೆ." ಆಮೇಲೆ ನನ್ನ ಕೈ ಎಳೆದು ನಿನ್ನ ಎದೆಯ ಮೇಲಿನ ಲಿಂಗದ ಕರಡಿಗೆಯ ಮೇಲೆ ಇಟ್ಟುಕೊಂಡೆ. "ಹೇಳಲ್ಲ ಅನ್ನು." ಹೇಳಲ್ಲ ಅಂದೆ. ನಾನು ಮೂರು ವರ್ಷದಿಂದ ಮೈಕಿನಲ್ಲಿ ಹೇಳುತ್ತಿದ್ದ ಸುಳ್ಳು ನಿನ್ನ ಹತ್ತಿರ ಒಂದು ನಿಮಿಷವೂ ನಡೆದಿರಲಿಲ್ಲ. ಎಲ್ಲ ಗೊತ್ತಿದ್ದೇ ನೀನು ಕಾಲು ಚಾಚಿದ್ದೆ.

ಇದರ ಮೇಲೆ ನನಗೆ ಎಷ್ಟು ಸಿಟ್ಟು ಬರುತ್ತೆ ಅಂತೀಯ. ಯಾರ ಮೇಲಾದರೂ ಕಲಿಯಬೇಕು, ಸರಿ. ಆ ಯಾರಾದರೂ ಯಾವಾಗಲೂ ನಾವೇ ಯಾಕೆ ಆಗಬೇಕು? ನಮ್ಮ ತುಮಕೂರಿನ ಎರಡನೇ ವರ್ಷದ ಹುಡುಗಿಯೊಬ್ಬಳು ಹತ್ತು ದಿನಕ್ಕೆ ಕೆನಡಾಕ್ಕೆ ಹೋಗಿ ಹ್ಯಾನಾಳ ಅಜ್ಜಿಯ ಅಂಗಾಲಿಗೆ ಬ್ಲೇಡು ಇಡುತ್ತೇನೆ ಅಂದರೆ ಬಿಡುತ್ತಾರಾ? ಸರ್ ಹತ್ತಿರ ಇದನ್ನೇ ಕೇಳಿದೆ. "ಒಬ್ರಿಗೆ ಹಿಂಗಾಯ್ತು ಅಂತ ಎಲ್ಲಾ ನಿಲ್ಲಿಸಕ್ಕಾಗುತ್ತಾ? ನಿಮ್ಮ ದೊಡ್ಡಮ್ಮಂಗೆ ಕನ್ನಡಕ ಕೊಟ್ಟೋರು ಯಾರು?" ಅಂದರು. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಆದರೆ ಕನ್ನಡಕ ಕೊಟ್ಟವರು ಎರಡು ಸಲ ಬಂದು ನಂಬರ್ ಸರಿಯಿದೆಯಾ ನೋಡಿ ಹೋಗಿದ್ದರು, ಅವರು ಇಲ್ಲೇ ತಿಪಟೂರಿನವರು.

ಆಸ್ಪತ್ರೆಯ ಆ ಮಧ್ಯಾಹ್ನವನ್ನು ಬರೆಯದೆ ಹಾರಿಸಿಬಿಡೋಣ ಅಂತಿದ್ದೆ. ವಾರ್ಡಿನಲ್ಲಿ ಊಟದ ತಟ್ಟೆಗಳ ಸದ್ದು ಮುಗಿದಿತ್ತು. ನೀನು ಕಣ್ಣು ಮುಚ್ಚಿಕೊಂಡೇ ಹಲ್ಲು ಕಚ್ಚಿದೆ. "ನೋಯ್ತದೆ ಕಣೇ" ಅಂದೆ. ಎಲ್ಲಿ ಅಂದೆ ನಾನು. "ಅಂಗಾಲು. ಆಣಿ ಇದ್ದ ಜಾಗ್ದಲ್ಲೇ. ಉರೀತೈತೆ. ತಡೆಯಕ್ಕಾಗಲ್ಲ." ಹೊದಿಕೆಯ ಕೆಳಗೆ ಬಲಗಡೆ ಮೊಣಕಾಲಿನಿಂದಾಚೆ ಏನೂ ಇರಲಿಲ್ಲ, ಬಟ್ಟೆ ಮಂಚಕ್ಕೆ ಅಂಟಿಕೊಂಡಿತ್ತು. ನರ್ಸು ಬಂದು, ಹಿಂಗಾಗುತ್ತೆ, ಹೋದ ಕಾಲೂ ನೋಯುತ್ತೆ, ಅಂತ ಇಂಜೆಕ್ಷನ್ ಕೊಟ್ಟಳು. ಇಪ್ಪತ್ತೆರಡು ವರ್ಷ ನಿನ್ನ ಜೊತೆ ಬದುಕಿದ್ದೇನೆ. ಕುದಿಯುವ ಸಾರು ಕೈಮೇಲೆ ಚೆಲ್ಲಿದಾಗಲೂ ನೀನು ಆ ಮಾತು ಆಡಿದವಳಲ್ಲ. ನನಗೆ ಏನು ಮಾಡಲೂ ತೋಚದೆ ಆ ಖಾಲಿ ಜಾಗದ ಮೇಲೆ, ಬರೀ ಹಾಸಿಗೆಯನ್ನು ಒತ್ತತೊಡಗಿದೆ. ನೀನು "ಅಲ್ಲೇ... ಇನ್ನೊಂಚೂರು ಕೆಳ್ಗೆ" ಅಂದೆ. ನಾನು ಅತ್ತುಬಿಟ್ಟೆ, ಒತ್ತುವುದನ್ನು ನಿಲ್ಲಿಸಲಿಲ್ಲ. ಅದಾಗಿ ಎಂಟನೇ ದಿನಕ್ಕೆ ನಂಜು ರಕ್ತಕ್ಕೆ ಸೇರಿ ನೀನು ಹೊರಟೆ.

ಮಣ್ಣಿಗೆ ಕೂರಿಸುವಾಗಿನದನ್ನು ನಿನಗೆ ಯಾರೂ ಹೇಳಿರುವುದಿಲ್ಲ. ನಮ್ಮಲ್ಲಿ ಎಲ್ಲರನ್ನೂ ಚಕ್ಕಳಮಕ್ಕಳ ಹಾಕಿಸಿ ಕೂರಿಸುತ್ತಾರಲ್ಲ, ನೀನು ಕೂರಲಿಲ್ಲ. ಬಲಕ್ಕೆ ವಾಲುತ್ತಿದ್ದೆ. ಎರಡು ಸಲ ನೆಟ್ಟಗೆ ಮಾಡಿದರು, ಎರಡು ಸಲವೂ ವಾಲಿದೆ. ಕೊನೆಗೆ ಅಯ್ಯನವರು ಇದ್ದಬದ್ದ ವಿಭೂತಿಯ ಉಂಡೆಗಳನ್ನೆಲ್ಲ ಕಾಲಿಲ್ಲದ ಕಡೆಗೆ ಒತ್ತೊತ್ತಾಗಿ ಜೋಡಿಸಿ ನಿನ್ನನ್ನು ಬೀಳದಂತೆ ಕೂರಿಸಿದರು. ಶಾಲೆಯ ಮಕ್ಕಳು ಸಾಲಾಗಿ ಬಂದು ಹೂ ಹಾಕಿದವು. ಒಂದು ಪುಟ್ಟ ಹುಡುಗಿ, ಅಡುಗೆ ಅಜ್ಜಿ ಯಾಕೆ ಸೊಟ್ಟಗೆ ಕೂತಿದೆ, ಅಂತ ಕೇಳಿತು. ಸುನಂದಕ್ಕ ಅದರ ಬಾಯಿ ಮುಚ್ಚಿದಳು.

ವಾರದ ಹಿಂದೆ ಹ್ಯಾನಾಳ ಮೇಲ್ ಬಂತು. ಬರುವ ಜನವರಿಗೆ ಮತ್ತೆ ಬರುತ್ತಿದ್ದಾಳಂತೆ, ಈ ಸಲ ತನಗಿಂತ ಕಿರಿಯರ ಒಂದು ತಂಡವನ್ನು ಅವಳೇ ಕರೆತರುತ್ತಾಳಂತೆ. ತಂಬಿಟ್ಟಿನ ಆಂಟಿ ಹೇಗಿದ್ದಾರೆ, ಅವರ ಫೋಟೋವನ್ನು ಹೊಸಬರಿಗೆಲ್ಲ ತೋರಿಸುತ್ತೇನೆ, ನನ್ನ ಮೊದಲ ಪೇಷೆಂಟು ಅವರೇ, ಅಂತ ಬರೆದಿದ್ದಳು. ಫೋಟೋ ಜೊತೆಗಿತ್ತು. ನೀನು ನಗುತ್ತಿದ್ದೀಯ. ಕೆಳಗೆ ಬಿಳಿ ಬ್ಯಾಂಡೇಜು, ಅದರ ನಡುವೆ ಬೊಟ್ಟಿನಷ್ಟು ಕೆಂಪು.

ಮೂರು ದಿನ ಆ ಮೇಲ್ ತೆಗೆಯುವುದು, ಮುಚ್ಚುವುದು. ನಿನ್ನ ಕರಡಿಗೆಯ ಮೇಲೆ ಕೈಯಿಟ್ಟು ಆಡಿದ ಮಾತು. ಹೇಳಿದರೆ ಆ ಹುಡುಗಿಯ ಎದೆ ಒಡೆಯುತ್ತದೆ, ನೀನು ಅಂದದ್ದು ಸುಳ್ಳಲ್ಲ. ಹೇಳದಿದ್ದರೆ? ಇನ್ನೊಂದು ಭಾನುವಾರ, ಇನ್ನೊಂದು ನಡುಗುವ ಕೈ, ಇನ್ಯಾರದೋ ದೊಡ್ಡಮ್ಮ ಕಾಲು ಚಾಚಿಕೊಂಡು ಗುಂಡುಕಲ್ಲಂಗಿದೀನಿ ಅನ್ನುತ್ತಾಳೆ... ನೀನು ಒಂದು ಮಗುವಿನ ಮನಸ್ಸನ್ನು ಕಾಯಲು ನೋಡಿದೆ. ನನಗೆ ನಿನ್ನಂಥವರ ಕಾಲೇ ಕಾಣುತ್ತಿತ್ತು. ಎಲ್ಲವನ್ನೂ ಬರೆದೆ. ಸಕ್ಕರೆ ಮಾತ್ರೆ, ನಿನ್ನ ಚಿವುಟು, ನಾಲ್ಕನೇ ಸಲ ನಿನ್ನನ್ನು ಕೇಳದೆ ನಾನೇ ಇಲ್ಲ ಅಂದದ್ದು, ಎಲ್ಲ. ಈ ಸಲ ಏನನ್ನೂ ಚಿಕ್ಕದು ಮಾಡಲಿಲ್ಲ. ಸರ್‌ಗೂ ಒಂದು ಪ್ರತಿ ಕಳಿಸಿ, ಜನವರಿಯಲ್ಲಿ ಮೈಕು ನನ್ನ ಕೈಗೆ ಕೊಟ್ಟರೆ ಇವರು ಇನ್ನೂ ಓದುತ್ತಿರುವವರು ಅಂತಲೇ ಹೇಳುತ್ತೇನೆ, ಕೊಡದಿದ್ದರೆ ಬಾಗಿಲಲ್ಲಿ ನಿಂತು ಹೇಳುತ್ತೇನೆ, ಅಂತ ಬರೆದೆ. ಅವರಿಂದ ಇನ್ನೂ ಉತ್ತರವಿಲ್ಲ. ಕೆಲಸ ಇರುತ್ತೋ ಹೋಗುತ್ತೋ ಗೊತ್ತಿಲ್ಲ.

ಮೊನ್ನೆ ಬೆಳಿಗ್ಗೆ ಫೋನ್ ಬಂತು. ಪರದೆಯ ಮೇಲೆ ಹ್ಯಾನಾಳ ಮುಖ, ಅತ್ತು ಅತ್ತು ಬಾತಿತ್ತು. ನೀನು ಹೆದರಿದ್ದೇ ಆಗಿದೆ ನೋಡು. ಅವಳು ಮೂಗು ಒರೆಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದಳು. ಆ ದಿನ ಕೇಳಿದ್ದೇ.

ಅವರಿಗೆ ನೋವಾಯಿತಾ?

ಅಭ್ಯಾಸ ನೋಡು, ಇಲ್ಲ ಅನ್ನುವುದು ತುಟಿಯ ತನಕ ಬಂದಿತ್ತು. ಮಣಿಕಟ್ಟು ತಾನಾಗೇ ನಿನ್ನ ಬೆರಳಿಗಾಗಿ ಕಾಯಿತು. ಯಾರೂ ಚಿವುಟಲಿಲ್ಲ, ದೊಡ್ಡಮ್ಮಾ.

ಹೌದು, ಅಂದೆ. ತಡೆಯಕ್ಕಾಗದಷ್ಟು ನೋವು ಅಂತ ಅವರೇ ಹೇಳಿದರು, ಅಂದೆ.

ನಿನ್ನ
ಗಿರಿಜ